ನಲವತ್ತು ಮೀಟರ್ ಆಚೆಯ ಬ್ರೇಕು

ಮೂರನೆಯ ಮಧ್ಯಾಹ್ನವೂ ದಿರ್ಚೆ ಕಾರಿನೊಳಗೆ ಕೂತು ಬ್ರೇಕ್ ತುಳಿಯುತ್ತಲೇ ಇದ್ದಳು. ಕಾರು ನಾಲ್ಕು ಸ್ಟ್ಯಾಂಡುಗಳ ಮೇಲೆ ನಿಂತಿತ್ತು. ಕಳಚಿದ ಚಕ್ರಗಳು ಗ್ಯಾರೇಜಿನ ಗೋಡೆಗೆ ಒರಗಿದ್ದವು. ಅವಳ ಗಂಡ ಲೆಯಾರ್ಕೊ ಬಲಗಡೆಯ ಮುಂಚಕ್ರ ಇರಬೇಕಾದ ಜಾಗದಲ್ಲಿ ಹಳೆಯ ರಗ್ಗು ಹಾಸಿಕೊಂಡು ಮಲಗಿದ್ದ. ಕೂತಲ್ಲಿಂದ ಅವಳಿಗೆ ಅವನ ಬೂಟುಗಳಷ್ಟೇ ಕಾಣುತ್ತಿದ್ದವು.

“ತುಳಿ.”

ತುಳಿದಳು.

“ಹಿಡ್ಕೋ. ಹಿಡ್ಕೋ. ಏ, ನಾನು ಹೇಳೋವರೆಗೂ ಬಿಡ್ಬೇಡ್ವೇ!”

“ಬಿಟ್ಟಿಲ್ಲ ಮಾರಾಯ, ಹಿಡ್ಕೊಂಡೇ ಇದೀನಿ.”

“ಹ್ಞಾಂ, ಈಗ ಬಿಡು.”

ಬ್ರೇಕಿನ ಪೈಪುಗಳಿಂದ ಗಾಳಿ ತೆಗೆಯುವುದು ಇಬ್ಬರ ಕೆಲಸ. ಒಬ್ಬರು ಮೇಲೆ ಕೂತು ಪೆಡಲ್ ತುಳಿದು ಹಿಡಿಯಬೇಕು, ಇನ್ನೊಬ್ಬರು ಕೆಳಗೆ ಮಲಗಿ ಗಾಳಿ ಬಿಡುವ ಸಣ್ಣ ತಿರುಪನ್ನು, ಅಂದರೆ ನಿಪ್ಪಲನ್ನು, ಸಡಿಲಿಸಿ ಗುಳ್ಳೆಗಳನ್ನು ಹೊರಗೆ ಬಿಟ್ಟು ಮತ್ತೆ ಬಿಗಿ ಮಾಡಬೇಕು. ಬಿಗಿ ಮಾಡುವ ಮೊದಲೇ ಮೇಲಿನವರು ಕಾಲು ತೆಗೆದರೋ, ಹೋದ ಗಾಳಿಯೆಲ್ಲ ವಾಪಸ್ಸು. ಮದುವೆಯಾದ ನಲವತ್ಮೂರು ವರ್ಷಗಳಲ್ಲಿ ದಿರ್ಚೆ ಇದನ್ನು ಎಷ್ಟು ಸಲ ಮಾಡಿದ್ದಳೋ, ಒಮ್ಮೆಯೂ ತಪ್ಪಿದವಳಲ್ಲ. ತುಳಿ ಎಂದರೆ ತುಳಿದಳು, ಬಿಡು ಎಂದರೆ ಬಿಟ್ಟಳು. ಇಷ್ಟಾದರೂ ಈ ಸಲ ಪೆಡಲ್ ಗಟ್ಟಿಯಾಗಲೊಲ್ಲದು. ನೆಂದ ಬ್ರೆಡ್ಡಿನ ಮೇಲೆ ಕಾಲಿಟ್ಟ ಹಾಗೆ ಮೆತ್ತಗೆ ಕೆಳಗಿಳಿಯುತ್ತಿತ್ತು.

ಈ ಕಾರಿನ ಮೇಲೆ ಲೆಯಾರ್ಕೊನಿಗಿದ್ದ ಮೋಹವನ್ನು ಹೇಳಿ ಪ್ರಯೋಜನವಿಲ್ಲ. ಬೂದು ಬಣ್ಣದ ಎರಡು ಸೀಟಿನ ಕಾರು, ಮೇಲೆ ಬಟ್ಟೆಯ ಛಾವಣಿ, ಅರವತ್ತೊಂದನೆಯ ಇಸವಿಯದು. ಟೈಲ್ಸ್ ಕಾರ್ಖಾನೆಯ ಭಟ್ಟಿ ರಿಪೇರಿ ಮಾಡಿಕೊಂಡಿದ್ದ ಕಾಲದಲ್ಲಿ ಅದನ್ನು ಯಾರದೋ ಕೋಳಿಗೂಡಿನಿಂದ ಎಳೆದು ತಂದು, ಒಂದೊಂದೇ ನಟ್ಟು ಹುಡುಕಿ ಜೋಡಿಸಿದ್ದ. ಕಾರ್ಖಾನೆಯಿಂದ ಬಂದಾಗ ಹೇಗಿತ್ತೋ ಹಾಗೇ ಇದೆ ಎಂದು ಊರಿನ ಹಳೆ ಕಾರುಗಳ ಸಂಘದವರು ಹಿತ್ತಾಳೆಯ ಫಲಕವೊಂದನ್ನು ಕೊಟ್ಟಿದ್ದರು. ಮೊಂತೆಫೊಸ್ಕೊ ಎಂಬ ಆ ಊರಿನಲ್ಲಿ ಅಂಥ ಫಲಕ ಇದ್ದದ್ದು ಮೂರೇ ಕಾರುಗಳಿಗೆ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕುಗಳು. ಅವನ್ನು ತೆಗೆದು ಮುಂದಿನ ಎರಡು ಚಕ್ರಕ್ಕೆ ಡಿಸ್ಕ್ ಹಾಕಿದರೆ ಕಾರು ಚೆನ್ನಾಗಿ ನಿಲ್ಲುತ್ತದೆ, ಆದರೆ ಫಲಕ ಹೋಗುತ್ತದೆ. ಸಂಘದ ನಿಯಮ ಹಾಗಿತ್ತು.

ಹಾಗಿದ್ದೂ ಲೆಯಾರ್ಕೊ ಕಳೆದ ಫೆಬ್ರವರಿಯಲ್ಲಿ ಸ್ಕ್ರೂಡ್ರೈವರ್ ತೆಗೆದುಕೊಂಡು ಹೋಗಿ ಆ ಫಲಕವನ್ನು ತನ್ನ ಕೈಯಾರೆ ಬಿಚ್ಚಿದ. ಯಾತಕ್ಕೆ? ಹೆಂಡತಿಗಾಗಿ. ಇದನ್ನು ಅವನು ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ದ. ಬೇಕರಿಯವಳಿಗೆ, ಪಾದ್ರಿಗೆ, ಪೋಸ್ಟಿನವನಿಗೆ, ಕೊನೆಗೆ ದಿರ್ಚೆಯ ಹಲ್ಲಿನ ಡಾಕ್ಟರಿಗೂ.

ನಡೆದದ್ದು ಇಷ್ಟು. ಪ್ರತಿ ಸೆಪ್ಟೆಂಬರಿನ ಎರಡನೆಯ ಭಾನುವಾರ ಊರಿನಲ್ಲಿ ಹಳೆ ಕಾರುಗಳ ಘಾಟಿ ಓಟ. ಹೆಸರು ಓಟವಾದರೂ ಅದರಲ್ಲಿ ಯಾರೂ ಓಡುವುದಿಲ್ಲ. ರಸ್ತೆಗೆ ಅಡ್ಡಲಾಗಿ ರಬ್ಬರ್ ಕೊಳವೆಗಳನ್ನು ಹಾಸಿರುತ್ತಾರೆ. ಚಕ್ರ ಆ ಕೊಳವೆಯನ್ನು ಗೊತ್ತುಮಾಡಿದ ಕ್ಷಣಕ್ಕೇ ಮುಟ್ಟಬೇಕು, ಮೊದಲೂ ಇಲ್ಲ, ಆಮೇಲೂ ಇಲ್ಲ. ಅದಕ್ಕೇ ಕಾರಿಗೆ ಇಬ್ಬರು, ಓಡಿಸುವವರೊಬ್ಬರು, ಗಡಿಯಾರ ಹಿಡಿದು ಎಣಿಸುವವರೊಬ್ಬರು. ದಿರ್ಚೆ ಎಣಿಸುತ್ತಿದ್ದಳು. “ಐದು, ನಾಲ್ಕು, ಮೂರು…” ಅವಳ ಎಣಿಕೆಯನ್ನು ಲೆಯಾರ್ಕೊ ದೇವರ ಮಾತಿನಂತೆ ಕೇಳುತ್ತಿದ್ದ. ಸೊನ್ನೆ ಎಂದ ಕ್ಷಣ ಚಕ್ರ ಕೊಳವೆಯ ಮೇಲೆ. ಅವರಿಬ್ಬರ ಜೋಡಿ ಅಂದರೆ ಜೋಡಿ ಎಂದು ಜನ ಹೊಗಳುತ್ತಿದ್ದರು.

ಎಣಿಕೆ ಮುಗಿದ ಮೇಲೆ ಅವಳ ಮಾತಿಗೆ ಕವಡೆ ಕಿಮ್ಮತ್ತೂ ಇರಲಿಲ್ಲ, ಅದು ಜನಕ್ಕೆ ಗೊತ್ತಿರಲಿಲ್ಲ. ಘಾಟಿ ಇಳಿಯುವಾಗ ಮೂವತ್ತೊಂದು ತಿರುವು. “ನಿಧಾನ” ಅಂದರೆ ಕೇಳಿಸುವುದಿಲ್ಲ, “ಬ್ರೇಕ್ ಹಾಕು” ಅಂದರೆ ಕೇಳಿಸುವುದಿಲ್ಲ. ಕಿವುಡನೇ? ಅಲ್ಲ, ಅಡುಗೆಮನೆಯಲ್ಲಿ ಬಾಟಲಿಯ ಬಿರಡೆ ತೆಗೆದರೆ ತೋಟದಲ್ಲಿದ್ದವನಿಗೆ ಕೇಳಿಸುತ್ತಿತ್ತು.

ಹೋದ ವರ್ಷ ಹತ್ತೊಂಬತ್ತನೆಯ ತಿರುವಿನಲ್ಲಿ ಅವಳು ಮೂರು ಸಲ ಹೇಳಿದಳು. ಮೂರನೆಯದು ಹೇಳಿದ್ದಲ್ಲ, ಕಿರುಚಿದ್ದು. ಕಾರು ರಸ್ತೆ ಬಿಟ್ಟು, ಬೇಲಿ ಮುರಿದು, ಹುಲ್ಲಿನ ಉರುಳೆಗಳ ನಡುವೆ ಹೋಗಿ ನಿಂತಿತು. ಇಬ್ಬರಿಗೂ ಏನೂ ಆಗಲಿಲ್ಲ. ಜನ ಓಡಿ ಬಂದರು. ಲೆಯಾರ್ಕೊ ಕೆಳಗಿಳಿದು ಬೆವರು ಒರೆಸಿಕೊಳ್ಳುತ್ತ, “ಬ್ರೇಕು… ಡ್ರಮ್ಮು ಕಾದುಬಿಟ್ಟಿತ್ತು ಕಣ್ರೋ, ಪೆಡಲ್ ನೆಲಕ್ಕೇ ಹೋಯ್ತು” ಎಂದ. ಎಲ್ಲರೂ ತಲೆಯಾಡಿಸಿದರು. ಹಳೆಯ ಡ್ರಮ್ಮುಗಳು, ಉದ್ದದ ಇಳಿಜಾರು, ಆಗುತ್ತೆ ಬಿಡಿ.

ಪಕ್ಕದಲ್ಲಿ ಕೂತಿದ್ದವಳು ದಿರ್ಚೆ. ಅವನ ಬಲಗಾಲು ಎಲ್ಲಿತ್ತು ಎಂಬುದನ್ನು ಅವಳು ನೋಡಿದ್ದಳು. ಪೆಡಲ್ ನೆಲಕ್ಕೂ ಹೋಗಿರಲಿಲ್ಲ, ಎಲ್ಲಿಗೂ ಹೋಗಿರಲಿಲ್ಲ. ಅವನು ತುಳಿದೇ ಇರಲಿಲ್ಲ. ತುಳಿದದ್ದು ಬೇಲಿ ಎದುರಿಗೆ ಬಂದ ಮೇಲೆ.

ಆದರೂ ಅವಳು ಬಾಯಿ ಬಿಡಲಿಲ್ಲ. ಎಪ್ಪತ್ತು ದಾಟಿದ ಮನುಷ್ಯ, ಅಷ್ಟು ಜನರ ಮುಂದೆ ಮುಖದ ಮೇಲಿನ ಬಣ್ಣವೆಲ್ಲ ಇಳಿದುಹೋಗಿ ನಿಂತಿದ್ದ. ಅಯ್ಯೋ ಪಾಪ ಅನ್ನಿಸಿತು. ಅಕ್ಟೋಬರಿನಲ್ಲಿ ಸಂಘದ ಊಟಕ್ಕೆ ಹೋದಾಗ, ಬರುವ ವರ್ಷವೂ ನಿಮ್ಮ ಜೋಡಿ ಇರುತ್ತೆ ತಾನೇ ಎಂದು ಯಾರೋ ಕೇಳಿದರು. ಸೊಪ್ಪು ತುಂಬಿದ ತೊರ್ತೆಲ್ಲಿ ಕಡುಬಿನ ತಟ್ಟೆ ಮುಂದಿತ್ತು, ಕೈಯಲ್ಲಿ ಫೋರ್ಕಿತ್ತು. ದಿರ್ಚೆಯ ಬಾಯಿಂದ ಬಂದುಬಿಟ್ಟಿತು. “ಆ ಬ್ರೇಕಿರೋವರೆಗೂ ನಾನಂತೂ ಹತ್ತಲ್ಲಪ್ಪ. ಡಿಸ್ಕ್ ಹಾಕ್ಸಲಿ, ಆಗ ಬರ್ತೀನಿ.”

ಎಲ್ಲರೂ ನಕ್ಕರು. ಅವನು ಫಲಕ ಬಿಚ್ಚುತ್ತಾನೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಬಿಚ್ಚಿದ. ಈಗ ಅವಳ ಮಾತು ಅವಳ ಕೊರಳಿಗೇ ಬಂದು ಸುತ್ತಿಕೊಂಡಿತ್ತು. ಬರುವ ಭಾನುವಾರ ಓಟ. ಶನಿವಾರ ಸಂಜೆ ಆರರೊಳಗೆ ಇಬ್ಬರ ಸಹಿಯಿದ್ದ ಅರ್ಜಿ ಸಂಘಕ್ಕೆ ತಲುಪಬೇಕು. ಎರಡನೆಯ ಸಹಿ ಇಲ್ಲದಿದ್ದರೆ ಕಾರು ಸಾಲಿನಲ್ಲಿ ನಿಲ್ಲುವಂತಿಲ್ಲ.

“ತುಳಿ.”

ತುಳಿದಳು. ಮೊಣಕಾಲು ಚುಳ್ಳೆಂದಿತು.

“ಲೆಯಾರ್ಕೊ, ಒಂದ್ ನಿಮಿಷ ಇಳೀತೀನಿ ಕಣೋ.”

ಇಳಿದು ಕಾರಿನ ಮುಂದೆ ಬಂದು ಸೊಂಟ ಹಿಡಿದುಕೊಂಡು ನಿಂತಳು. ಮೂವತ್ತೊಂದು ವರ್ಷ ಅವಳೂ ಅದೇ ಟೈಲ್ಸ್ ಕಾರ್ಖಾನೆಯಲ್ಲಿದ್ದವಳು. ಪಟ್ಟಿಯ ಮೇಲೆ ಹರಿದು ಬರುವ ಟೈಲ್ಸುಗಳಲ್ಲಿ ಕೂದಲೆಳೆಯ ಬಿರುಕಿದ್ದದ್ದನ್ನು ಹೆಕ್ಕಿ ತೆಗೆಯುವ ಕೆಲಸ. ಕಣ್ಣಿಗೆ ಆ ಅಭ್ಯಾಸ ಹೋಗಿರಲಿಲ್ಲ. ಹೊಳೆಯುವ ಹೊಸ ಡಿಸ್ಕು, ಅದನ್ನು ಕಚ್ಚಿ ಹಿಡಿದ ಕ್ಯಾಲಿಪರ್, ಅದರ ಅಡಿಯಲ್ಲಿ ನಿಪ್ಪಲ್, ನಿಪ್ಪಲಿನಿಂದ ಬಾಟಲಿಗೆ ಇಳಿದ ತೆಳ್ಳನೆಯ ನಳಿಕೆ. ಸ್ವಲ್ಪ ಹೊತ್ತು ನೋಡಿದಳು.

“ಅಲ್ಲ, ಗಾಳಿ ಮೇಲಕ್ಕೆ ತಾನೇ ಹೋಗೋದು?”

“ಹ್ಞೂಂ.”

“ಮತ್ತೆ ಆ ನಿಪ್ಪಲ್ ಯಾಕೆ ಕೆಳಗಿದೆ?”

“ಅದು ಇರೋದೇ ಹಾಗೆ. ನೀನು ಹೋಗಿ ಕೂತ್ಕೋ.”

“ಗಾಳಿ ಮೇಲ್ಗಡೆ ಸಿಕ್ಕಾಕ್ಕೊಂಡಿದ್ರೆ ಕೆಳಗಿಂದ ಹೇಗೋ ಬರುತ್ತೆ?”

“ದಿರ್ಚೆ, ನಲವತ್ತು ವರ್ಷದಿಂದ ಬ್ರೇಕ್ ಕೆಲಸ ಮಾಡ್ತಿರೋನು ನಾನು. ಕೂತ್ಕೋ, ತುಳಿ.”

ಡ್ರಮ್ಮಿನ ಕೆಲಸ ಮಾಡಿದ್ದನಪ್ಪ, ಡಿಸ್ಕಿನದಲ್ಲ. ಇದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಹೋಗಿ ಕೂತಳು, ತುಳಿದಳು. ಇನ್ನೂ ಒಂದು ಗಂಟೆ ತುಳಿದಳು. ಎರಡು ಬಾಟಲಿ ಬ್ರೇಕ್ ಆಯಿಲ್ ಹರಿದುಹೋಯಿತು, ಪೆಡಲ್ ಮಾತ್ರ ಹಾಗೇ ಮೆತ್ತಗಿತ್ತು.

ಐದು ಗಂಟೆಯ ಹೊತ್ತಿಗೆ ದಿರ್ಚೆಯ ತಮ್ಮ ನೇವಿಯೊ ಬಂದ. ಟ್ರ್ಯಾಕ್ಟರ್ ರಿಪೇರಿಯವನು, ಕೈತುಂಬ ಗ್ರೀಸು, ಬಾಯಿತುಂಬ ತಮಾಷೆ.

“ಏನ್ ಭಾವ, ಬ್ರೇಕ್ ಹಾಕ್ತಾ ಇದೀಯೋ, ಅಕ್ಕನಿಗೆ ವ್ಯಾಯಾಮ ಮಾಡಿಸ್ತಾ ಇದೀಯೋ?” ಎಂದು ಬಗ್ಗಿ ನೋಡಿದ. ನೋಡಿದವನು ಒಮ್ಮೆಲೇ ಹೋ ಎಂದು ನಕ್ಕುಬಿಟ್ಟ. “ಭಾವ! ಕ್ಯಾಲಿಪರ್ ಅದಲು ಬದಲಾಗಿದೆಯಲ್ಲೋ! ಎಡಗಡೇದು ಬಲಕ್ಕೆ, ಬಲಗಡೇದು ಎಡಕ್ಕೆ. ನಿಪ್ಪಲ್ ಕೆಳಗೆ ಬಂದಿದೆ. ಗಾಳಿ ಮೇಲೆ ಕೂತು ನಿನ್ನ ನೋಡಿ ನಗ್ತಾ ಇದೆ.”

ಲೆಯಾರ್ಕೊ ರಗ್ಗಿನ ಮೇಲಿಂದ ಎದ್ದು ಕೂತ. ಡಿಸ್ಕನ್ನು ನೋಡಿದ, ನೇವಿಯೊನನ್ನು ನೋಡಿದ. ಹಣೆ ಬಡಿದುಕೊಂಡ. “ಥತ್! ಹೌದಲ್ಲ ಕಣೋ! ಭಲೇ ನೇವಿಯೊ, ನೀನಿಲ್ದಿದ್ರೆ ನಾನು ಕ್ರಿಸ್‌ಮಸ್‌ವರೆಗೂ ಇಲ್ಲೇ ಮಲಗಿರ್ತಿದ್ದೆ.”

ಎರಡೇ ನಿಮಿಷಕ್ಕೆ ಸ್ಪ್ಯಾನರ್ ಕೈಗೆ ಬಂತು, ಕ್ಯಾಲಿಪರ್ ಬಿಚ್ಚಲು ಶುರುವಾಯಿತು. ದಿರ್ಚೆ ಸೀಟಿನಲ್ಲೇ ಇದ್ದಳು. ನಾನೂ ಅದನ್ನೇ ಹೇಳಿದ್ದು ಎನ್ನಬಹುದಿತ್ತು. ಅಂದರೆ ಏನಾಗುತ್ತಿತ್ತು? “ಹೌದಾ? ಯಾವಾಗ?” ಎನ್ನುತ್ತಿದ್ದ. ಅವನು ಸುಳ್ಳು ಹೇಳುತ್ತಿರಲಿಲ್ಲ, ಅದೇ ಕಷ್ಟ. ನಿಜವಾಗಿಯೂ ಅವನಿಗೆ ನೆನಪಿರುತ್ತಿರಲಿಲ್ಲ. ಅವಳಿಗೆ ಸಿಟ್ಟು ಕೂಡ ಬರಲಿಲ್ಲ. ಸಿಟ್ಟು ಬರಲೂ ಮೈಯಲ್ಲಿ ಒಂದಿಷ್ಟು ಕಸುವು ಬೇಕು. ಸಾಕು ಸಾಕಾಗಿಹೋಗಿತ್ತು, ಅಷ್ಟೇ.

ಬದಲಾಯಿಸಿ ಹಾಕಿದ ಮೇಲೆ ಅರ್ಧ ಗಂಟೆಯಲ್ಲಿ ಪೆಡಲ್ ಕಲ್ಲಿನಂತಾಯಿತು.

ಶನಿವಾರ ಊಟ ಮುಗಿಸಿ ಇಬ್ಬರೂ ಹೊರಟರು. ಅರ್ಜಿ ಲೆಯಾರ್ಕೊನ ಅಂಗಿಯ ಜೇಬಿನಲ್ಲಿತ್ತು, ಅವನ ಸಹಿ ಆಗಿತ್ತು. “ಒಂದ್ ಸಲ ಘಾಟಿ ಹತ್ತಿ ಇಳಿದು ನೋಡು, ಆಮೇಲೆ ನೀನು ಸಹಿ ಹಾಕು. ಬಲವಂತ ಇಲ್ಲಪ್ಪ” ಎಂದಿದ್ದ. ಹೊಸ ಬಟ್ಟೆ ಹಾಕಿಕೊಂಡು ತೋರಿಸಲು ನಿಂತ ಮಗುವಿನ ಖುಷಿ ಅವನ ಮುಖದಲ್ಲಿತ್ತು. ನನಗೋಸ್ಕರ ಇಷ್ಟೆಲ್ಲ ಮಾಡಿದ್ದಾನೆ. ಒಂದು ಸಲ, ಒಂದೇ ಒಂದು ಸಲ ನಾನು ಹೇಳಿದಾಗ ಬ್ರೇಕ್ ಹಾಕಲಿ, ಸಹಿ ಹಾಕಿಬಿಡುತ್ತೇನೆ. ಹೀಗೆಂದು ಅವಳು ಮನಸ್ಸಿನಲ್ಲೇ ನಿಶ್ಚಯಿಸಿಕೊಂಡಳು.

ಹತ್ತುವುದು ಸುಲಭವಾಗಿ ಮುಗಿಯಿತು. ಮೇಲಿನ ಬಯಲಿನಲ್ಲಿ ಅವನು ಒಂದು ಚಮತ್ಕಾರ ತೋರಿಸಿದ. ಕಾರನ್ನು ಎಂಬತ್ತಕ್ಕೆ ಏರಿಸಿ, ಖಾಲಿ ರಸ್ತೆಯಲ್ಲಿ ಒಮ್ಮೆಲೇ ಬ್ರೇಕ್ ಒತ್ತಿದ. ಸೊಂಟದ ಬೆಲ್ಟು ದಿರ್ಚೆಯ ಹೊಟ್ಟೆಯನ್ನು ಒತ್ತಿತು. ಕಾರು ಒಂದಿಷ್ಟೂ ಅತ್ತಿತ್ತ ಎಳೆಯದೆ ನೇರವಾಗಿ ನಿಂತಿತು.

“ನೋಡ್ದೆಯೇನೇ! ಹೇಗೆ?”

“ಚೆನ್ನಾಗಿದೆ” ಎಂದಳು. ನಿಜವಾಗಿಯೂ ಚೆನ್ನಾಗಿತ್ತು.

ಇಳಿಯಲು ಶುರುಮಾಡಿದರು. ಮೊದಲ ತಿರುವು, ಎರಡನೆಯದು, ಹತ್ತನೆಯದು. ಅವಳು ಏನೂ ಹೇಳಲಿಲ್ಲ, ಅವನೂ ಹುಷಾರಾಗಿಯೇ ಓಡಿಸಿದ. ಹದಿನೈದು ದಾಟುವ ಹೊತ್ತಿಗೆ ಕಾರಿನ ಸದ್ದು ಬದಲಾಯಿತು. ಅವನಿಗೆ ಹುರುಪೇರುತ್ತಿತ್ತು. ಹದಿನೆಂಟು ಮುಗಿದು ಮುಂದೆ ನೇರ ರಸ್ತೆ ಬಂತು, ಅದರ ತುದಿಯಲ್ಲಿ ಹತ್ತೊಂಬತ್ತನೆಯ ತಿರುವು, ಹೊಸ ಬೇಲಿ. ಈ ವರ್ಷದ ಹುಲ್ಲಿನ ಉರುಳೆಗಳೂ ಅಲ್ಲೇ ಇದ್ದವು.

“ಬ್ರೇಕ್ ಹಾಕು” ಎಂದಳು.

ಅವನು ಹಾಕಲಿಲ್ಲ.

“ಲೆಯಾರ್ಕೊ, ಬ್ರೇಕ್ ಹಾಕೋ.”

“ಇರೇ, ಇನ್ನೂ ಟೈಮಿದೆ.”

“ಹಾಕೋ ಅಂದ್ರೆ!”

ಆಮೇಲೆ ಹಾಕಿದ. ಎಷ್ಟು ಚೆನ್ನಾಗಿ ಹಾಕಿದನೆಂದರೆ ಅದನ್ನು ಹೊಗಳಲೇಬೇಕು. ಕಾರು ಮೂಗು ತಗ್ಗಿಸಿತು, ವೇಗ ಇಳಿಯಿತು, ತಿರುವಿನಲ್ಲಿ ಚಕ್ರಗಳು ಗೆರೆ ಎಳೆದ ಹಾಗೆ ಹೊರಳಿದವು. ಬೇಲಿ ಎಲ್ಲೋ ದೂರದಲ್ಲೇ ಉಳಿಯಿತು. ಲೆಯಾರ್ಕೊ ಸ್ಟಿಯರಿಂಗ್ ಮೇಲೆ ಅಂಗೈ ಬಡಿದು ನಕ್ಕ.

“ಕಂಡೆಯಾ? ಮೊದಲಾದ್ರೆ ಆ ಕಂಬದ ಹತ್ರಾನೇ ತುಳೀಬೇಕಿತ್ತು. ಈಗ ನಲವತ್ತು ಮೀಟರ್ ಆಚೆ! ಪೂರಾ ನಲವತ್ತು ಮೀಟರ್ ಕಣೇ!”

ದಿರ್ಚೆಯ ಕೈ ಬಾಗಿಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದಿತ್ತು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡಳು. ಅವಳಿಗೆ ಎಲ್ಲ ನಿಚ್ಚಳವಾಗಿತ್ತು. ಹೊಸ ಬ್ರೇಕಿನಿಂದ ಅವನಿಗೆ ಸಿಕ್ಕಿದ್ದು ಇದು: ಅವಳ ಮಾತು ಕೇಳದೆ ಇರಲು ಇನ್ನೂ ನಲವತ್ತು ಮೀಟರ್.

“ಮುಂದಿನ ಕಾಫಿ ಅಂಗಡಿ ಹತ್ರ ನಿಲ್ಸು.”

“ಕಾಫಿ ಬೇಕಾ?”

“ನಿಲ್ಸು.”

ಅಲ್ಲಿ ಬಸ್ ನಿಲ್ದಾಣವೂ ಇತ್ತು. ಅವನು ನಿಲ್ಲಿಸಿ, ಎಂಜಿನ್ ಆರಿಸಿದ. ಡಿಸ್ಕುಗಳು ತಣ್ಣಗಾಗುತ್ತ ಟಿಕ್ ಟಿಕ್ ಎನ್ನುತ್ತಿದ್ದವು. ಅವಳು ಬೆಲ್ಟು ಬಿಚ್ಚಿದಳು, ಇಳಿಯಲಿಲ್ಲ. ಮುಂದಿನ ಗಾಜನ್ನೇ ನೋಡುತ್ತ ಹೇಳಿದಳು.

“ಹೋದ ವರ್ಷ ಬ್ರೇಕ್ ಚೆನ್ನಾಗೇ ಇತ್ತು. ನೀನು ತುಳೀಲಿಲ್ಲ.”

ಅಂಗಡಿಯ ಹೊರಗೆ ಇಸ್ಪೀಟು ಆಡುತ್ತಿದ್ದ ಮುದುಕರಲ್ಲೊಬ್ಬ ಕಾರು ನೋಡಿ ಕೈಯೆತ್ತಿದ, ಲೆಯಾರ್ಕೊ ಕೂಡ ಕೈಯೆತ್ತಿದ.

“ಗೊತ್ತು” ಎಂದ ಆಮೇಲೆ.

“ಏನು ಗೊತ್ತು?”

“ತುಳೀಲಿಲ್ಲ ಅನ್ನೋದು.”

ದಿರ್ಚೆ ತಿರುಗಿ ಅವನನ್ನು ನೋಡಿದಳು. ಒಂದು ವರ್ಷ ಇದನ್ನು ತಾನೊಬ್ಬಳೇ ಹೊತ್ತಿದ್ದೇನೆ ಅಂದುಕೊಂಡಿದ್ದಳು. “ಗೊತ್ತಿದ್ದೂ ಡಿಸ್ಕ್ ಹಾಕ್ಸಿದ್ಯಾ? ಗೊತ್ತಿದ್ದೂ ಆ ಫಲಕ ಬಿಚ್ಚಿದ್ಯಾ?”

“ಎಲ್ಲರ ಮುಂದೆ ನೀನೇ ಬ್ರೇಕು ಅಂದೆಯಲ್ಲ. ಅಬ್ಬ, ಇವಳೂ ಬ್ರೇಕು ಅಂತಿದಾಳೆ, ಹಾಗಿದ್ರೆ ಬ್ರೇಕೇ ಇರಬಹುದು ಅನ್ಕೊಂಡೆ. ಬದುಕ್ಕೊಂಡೆ ಅನ್ನಿಸ್ತು.” ಅವನು ಕೀಲಿಕೈಯನ್ನು ಬೆರಳಲ್ಲಿ ತಿರುಗಿಸಿದ. “ಅದಕ್ಕೇ ಮಾಡ್ದೆ. ಅದು ಸರಿಹೋದ್ರೆ ಎಲ್ಲಾ ಸರಿಹೋಗುತ್ತೆ ಅಂತ.”

ಅವಳಿಗೆ ಅಳು ಬಂತು, ಅದೂ ಅರ್ಧಕ್ಕೇ ನಿಂತಿತು. ಬಾಗಿಲು ತೆಗೆದು ಇಳಿದಳು. “ನೀನು ಹೋಗು. ನಾನು ಬಸ್ಸಲ್ಲಿ ಬರ್ತೀನಿ.”

“ಹುಚ್ಚಾ ನಿಂಗೆ? ಕಾರಿದೆಯಲ್ಲೇ ಇಲ್ಲಿ!”

“ಹೋಗೋ ಮಾರಾಯ, ಕೈ ಮುಗೀತೀನಿ.”

ನಾಲ್ಕೂ ಹತ್ತರ ಬಸ್ಸು ಬಂತು. ಓಡಿಸುತ್ತಿದ್ದವಳು ದಿರ್ಚೆಗೆ ಪರಿಚಯವಿಲ್ಲದ ಹೆಂಗಸು, ಹಣೆಯ ಮೇಲೆ ಕನ್ನಡಕ ಏರಿಸಿಕೊಂಡಿದ್ದಳು. ಪ್ರತಿ ತಿರುವಿಗೂ ಸಾಕಷ್ಟು ಮೊದಲೇ ಮೆತ್ತಗೆ ಬ್ರೇಕ್ ಒತ್ತುತ್ತಿದ್ದಳು. ಯಾರೂ ಏನೂ ಹೇಳಬೇಕಿರಲಿಲ್ಲ. ಎರಡು ತಿರುವು ದಾಟುವಷ್ಟರಲ್ಲಿ ದಿರ್ಚೆಗೆ ನಿದ್ದೆ ಹತ್ತಿತು. ಆ ರಸ್ತೆಯಲ್ಲಿ ಅವಳು ಕಣ್ಣು ಮುಚ್ಚಿದ್ದು ಅದೇ ಮೊದಲು.

“ಅಮ್ಮಾ, ಮೊಂತೆಫೊಸ್ಕೊ ಬಂತು, ಏಳಿ” ಎಂದು ಡ್ರೈವರಮ್ಮ ಭುಜ ಮುಟ್ಟಿದಾಗ ಎಚ್ಚರವಾಯಿತು. “ಹಿಂದ್ಗಡೆ ಒಬ್ರು ಹಳೇ ಕಾರಲ್ಲಿ ಬರ್ತಾ ಇದ್ರು ನೋಡಿ. ಕೊನೇವರೆಗೂ ಓವರ್‌ಟೇಕೇ ಮಾಡ್ಲಿಲ್ಲ. ಇಂಥ ಒಳ್ಳೆ ಜನಾನೂ ಇರ್ತಾರಲ್ಲ.”

ಚೌಕದಲ್ಲಿ ಬಸ್ಸಿನ ಹಿಂದೆಯೇ ಕಾರು ನಿಂತಿತ್ತು. ಲೆಯಾರ್ಕೊ ಆಗಲೇ ಇಳಿದು ಕಾಯುತ್ತಿದ್ದ. ಮುಖ ಸ್ವಲ್ಪ ಅರಳಿತ್ತು.

“ನೋಡು ಕಣೇ. ಅಲ್ಲಿಂದ ಇಲ್ಲೀವರೆಗೂ ಒಂದೊಂದು ತಿರುವಿಗೂ ಮೊದಲೇ ಬ್ರೇಕ್ ಹಾಕ್ದೆ. ಒಂದೂ ಬಿಡ್ಲಿಲ್ಲ.”

“ಬಸ್ಸಿನ ಹಿಂದಿನ ಕೆಂಪು ದೀಪ ಹತ್ತಿತು, ನೀನು ಹಾಕ್ದೆ.”

“ಹ್ಞೂಂ, ಮತ್ತೆ?”

“ನಾನೇನು ಹಣೆಗೆ ಕೆಂಪು ದೀಪ ಕಟ್ಕೊಂಡು ನಿನ್ನ ಮುಂದೆ ಓಡ್ಬೇಕೇನೋ?”

ಅವನು ಜೇಬಿನಿಂದ ಅರ್ಜಿ ತೆಗೆದು ಬಿಡಿಸಿ ಹಿಡಿದ. ಅವಳ ಸಹಿಯ ಜಾಗ ಖಾಲಿ ಇತ್ತು. ಐದೂಕಾಲು ಆಗಿತ್ತು. ಚೌಕದ ಆ ಕಡೆ ಸಂಘದ ಬಾಗಿಲಿನಲ್ಲಿ ನಾಲ್ಕೈದು ಜನ ನಿಂತು ಇವರ ಕಡೆಗೇ ನೋಡುತ್ತಿದ್ದರು, ಒಬ್ಬ ಹೊಸ ಡಿಸ್ಕುಗಳನ್ನು ನೋಡಲು ಆಗಲೇ ಕಾರಿನ ಬಳಿ ಬಗ್ಗಿದ್ದ.

“ನನ್ನ ಹೆಸರು ಹೊಡೆದು ಹಾಕು” ಎಂದಳು.

“ಜನ ಕೇಳಿದ್ರೆ ಏನ್ ಹೇಳ್ಲಿ? ಬ್ರೇಕ್ ಹಾಕ್ಸಾಯ್ತಲ್ಲ.” ಅವನು ಧ್ವನಿ ತಗ್ಗಿಸಿದ. ಮುಖದಲ್ಲಿ ನಿಜವಾದ ಕಳವಳವಿತ್ತು, ಅವಳ ಮರ್ಯಾದೆಗಾಗಿಯೇ ಕೇಳುತ್ತಿರುವವನ ಹಾಗೆ ಕೇಳಿದ. “ನಿಂಗೆ ಸೊಂಟ ಹಿಡ್ಕೊಂಡಿದೆ ಅಂತ ಹೇಳ್ಬಿಡ್ಲಾ?”

ದಿರ್ಚೆ ಅವನನ್ನು ನೋಡಿದಳು. ಹ್ಞೂಂ ಅಂದುಬಿಡುವುದು ಎಷ್ಟು ಸುಲಭವಿತ್ತು. ಹೋದ ವರ್ಷ ಬ್ರೇಕಿನ ವಿಷಯಕ್ಕೆ ಹಾಗೇ ಅಂದಿದ್ದಳು. ಕೈಚೀಲವನ್ನು ಭುಜಕ್ಕೆ ಏರಿಸಿಕೊಂಡಳು, ಆ ನಾಲ್ಕೈದು ಜನರಿಗೂ ಕೇಳಿಸುವಷ್ಟು ಗಟ್ಟಿಯಾಗಿಯೇ ಹೇಳಿದಳು.

“ಬೇಡ. ನನ್ನ ಸೊಂಟ ಸರಿಯಾಗಿದೆ. ಬ್ರೇಕೂ ಸರಿಯಾಗಿದೆ. ಇನ್ನು ಉಳಿದದ್ದು ಯಾವ್ದು ಅಂತ ಅವರೇ ಯೋಚಿಸ್ಕೊಳ್ಳಲಿ.”

ಹೇಳಿ ಮನೆಯ ಕಡೆ ಹೊರಟಳು.